ಮೆಹದಿಪಟ್ಟಣದಿಂದ ಗುಲಬರ್ಗಾ ತನಕ ಒಂದೇ ಕಲ್ಲು

ಬಂಡೆಮ್ಮನಿಗೆ ಬಂಡೆಮ್ಮ ಎಂಬ ಹೆಸರಿದೆ ಅನ್ನುವುದೇ ಗಚ್ಚಿಬೌಲಿಯ ಆಚೆಗಿನ ಆ ತಗಡಿನ ಶೆಡ್ಡುಗಳ ಸಾಲಿನಲ್ಲಿ ಯಾರಿಗೂ ನೆನಪಿರಲಿಲ್ಲ. ಗಂಡ ಬೂದೆಪ್ಪ ಕಲ್ಲು ಒಡೆಯುವ ಗುಂಪಿನ ಮೇಸ್ತ್ರಿ, ಆದ್ದರಿಂದ ಕೆಲಸದವರ ಬಾಯಲ್ಲಿ ಅವಳು ಮೇಸ್ತ್ರಿಣಿ. ಮಗಳಿಗೆ, ಮಗನಿಗೆ ಯವ್ವ. ಸೊಸೆಗೆ ಅತ್ತಿ. ತೆಲುಗಿನ ಕಿರಾಣಿ ಅಂಗಡಿಯವನಿಗೆ ಬರೀ ಅಮ್ಮಾ. ಇನ್ನು ಬೂದೆಪ್ಪನೋ, ಮದುವೆಯಾದ ದಿನದಿಂದ ಇವತ್ತಿನ ತನಕ 'ಏ, ಕೇಳಿಲ್ಲಿ' ಅನ್ನುವುದನ್ನು ಬಿಟ್ಟು ಇನ್ನೊಂದು ಮಾತಿನಿಂದ ಅವಳನ್ನು ಕರೆದವನಲ್ಲ. ಹೆಂಡತಿಯ ಹೆಸರು ಹಿಡಿದು ಕೂಗುವುದು ಅವರ ಕಡೆ ಮರ್ಯಾದಸ್ಥರ ಲಕ್ಷಣವಲ್ಲ. ಬಾಯಿ ತುಂಬ ಹೆಸರು ಹಿಡಿದು ಕರೆಯುತ್ತಿದ್ದವಳು ಹಡೆದ ತಾಯಿ ಒಬ್ಬಳೇ. ಅವಳು ಮಣ್ಣಿಗೆ ಹೋದ ಮೇಲೆ ಆ ಹೆಸರು ಬಂಡೆಮ್ಮನೊಳಗೇ ಬಾಯಿ ಮುಚ್ಚಿಕೊಂಡು ಕೂತಿತ್ತು.

ಅದು ಸಾಮಾನ್ಯ ಹೆಸರೇನಲ್ಲ. ಸುರಪುರದ ಕಡೆಯ ಅವಳ ತವರಿನಲ್ಲಿ ಹೊಲದ ಅಂಚಿಗೊಂದು ದೊಡ್ಡ ಬಂಡೆಯಿತ್ತು. ಅದಕ್ಕೆ ಅರಿಶಿನ ಬಳಿದು ಕುಂಕುಮ ಹಚ್ಚಿ, ಬಂಡೆಮ್ಮ ದೇವಿ ಅಂತ ನಡೆದುಕೊಳ್ಳುತ್ತಿದ್ದರು. ತಾಯಿಗೆ ಹುಟ್ಟಿದ ಕೂಸುಗಳು ಒಂದೂ ನಿಲ್ಲದಿದ್ದಾಗ ಆ ದೇವಿಗೆ ಹರಕೆ ಹೊತ್ತು, ನಿಂತ ಕೂಸು ಇವಳು. ಹೀಗಾಗಿ ಬಂಡೆಮ್ಮನಿಗೆ ತನ್ನ ಹೆಸರಿನ ಬಗ್ಗೆ ಒಂಥರಾ ಜಂಬವಿತ್ತು. ಗಂಡನ ಕಸುಬು ಬಂಡೆ ಒಡೆಯುವುದು, ಹೆಂಡತಿಯ ಹೆಸರು ಬಂಡೆಮ್ಮ. ಈ ಪೇಚನ್ನು ಅವಳು ಅವಳದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಳು. ಯಾವ ಬಂಡೆಗೇ ಆಗಲಿ, ಬೂದೆಪ್ಪ ಉಳಿ ಇಡುವ ಮೊದಲು ಇವಳು ಹೋಗಿ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ತಪ್ಪಾಯಿತೆಂದು ಗಲ್ಲ ಬಡಿದುಕೊಂಡು, ಅಪ್ಪಣೆ ಕೇಳಿ ಬರಬೇಕು. ಹೈದರಾಬಾದಿನ ಪಶ್ಚಿಮದ ಗುಡ್ಡಗಳಲ್ಲಿ ಈಗ ಗಾಜಿನ ಕಟ್ಟಡಗಳು ನಿಂತಿವೆಯಲ್ಲ, ಅವುಗಳ ಪೈಕಿ ಎಷ್ಟರ ಬುಡದಲ್ಲೋ ಬಂಡೆಮ್ಮನ ಕುಂಕುಮ ಇದೆ.

ಅವರ ಮನೆತನದ ಪದ್ಧತಿಯೆಂದರೆ ಮಗನ ಮೊದಲ ಹೆಣ್ಣುಮಗುವಿಗೆ ಅಜ್ಜಿಯ ಹೆಸರು ಇಡುವುದು. ಬಂಡೆಮ್ಮನ ಅತ್ತೆಯ ಹೆಸರು ಗದಿಗೆಮ್ಮ, ಅದು ಬಂಡೆಮ್ಮನ ಮಗಳಿಗೆ ಬಂದಿತ್ತು. ಈಗ ಮಗ ಮಲ್ಲುವಿಗೆ ಹೆಣ್ಣು ಹುಟ್ಟಿತ್ತು. ಸರಕಾರಿ ದವಾಖಾನೆಯ ಜಗಲಿಯ ಮೇಲೆ ಕೂತಿದ್ದ ಬಂಡೆಮ್ಮ ಸುದ್ದಿ ಕೇಳಿ ಹಿಗ್ಗಿ ಹೀರೇಕಾಯಿಯಾದಳು. ಇನ್ನು ಮನೆಯಲ್ಲಿ ದಿನಕ್ಕೆ ನೂರು ಸಲ ಆ ಹೆಸರು ಕೇಳಿಸುತ್ತದೆ, ಬೈಯುವುದಕ್ಕಾದರೂ ಸರಿ, ಮುದ್ದಿಸುವುದಕ್ಕಾದರೂ ಸರಿ ಎಂದು ಅವಳು ಲೆಕ್ಕ ಹಾಕಿದ್ದಳು. ಸಾಯುವುದರೊಳಗೆ ತನ್ನ ಹೆಸರನ್ನು ಮನುಷ್ಯರ ಬಾಯಲ್ಲಿ ಇನ್ನೊಮ್ಮೆ ಕೇಳಬೇಕು, ಅಷ್ಟೇ ಅವಳ ಆಸೆ.

ಆದರೆ ಸೊಸೆ ಸುವರ್ಣಾಳ ಲೆಕ್ಕವೇ ಬೇರೆ. ಹತ್ತನೇ ತರಗತಿ ಪಾಸಾದ ಹುಡುಗಿ ಅವಳು. ಹೆರಿಗೆಗೆ ಮುಂಚೆ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯ ನಾಲ್ಕನೇ ಮಹಡಿ ಒರೆಸುವ ಕೆಲಸಕ್ಕಿದ್ದಳು. ಅಲ್ಲಿ ಎಲ್ಲರ ಕೊರಳಲ್ಲೂ ಹೆಸರಿನ ಕಾರ್ಡು. ಲಹರಿ ಎಂಬ ಮೇಡಂ ಒಬ್ಬಳು ಇವಳನ್ನು ಕಂಡಾಗಲೆಲ್ಲ ನಕ್ಕು, ಊಟ ಆಯ್ತಾ ಎಂದು ಕೇಳುತ್ತಿದ್ದಳಂತೆ. ಮಗಳಿಗೆ ಆ ಹೆಸರೇ ಬೇಕು ಎಂದು ಸುವರ್ಣಾ ಹಟ ಹಿಡಿದಳು. ನಾಳೆ ಇಂಗ್ಲಿಷ್ ಶಾಲೆಗೆ ಹೋದಾಗ ಬಂಡೆಮ್ಮ ಅಂದರೆ ಮಕ್ಕಳು ನಗುವುದಿಲ್ಲವೇ ಎಂದಳು. ಅದಕ್ಕಿಂತ ದೊಡ್ಡ ಅಸ್ತ್ರವೊಂದು ಅವಳ ಹತ್ತಿರವಿತ್ತು. ಅತ್ತೆಯ ಹೆಸರು ಸೊಸೆಯ ಬಾಯಲ್ಲಿ ಬರಕೂಡದು, ಇದೂ ಅದೇ ಮನೆತನದ ಪದ್ಧತಿಯೇ.

"ನಿಮ್ಮ ಹೆಸರು ಇಟ್ಟರ, ಹಡದ ಕೂಸಿನ್ನ ನಾ ಏನಂತ ಕರೀಲಿರಿ ಅತ್ತಿ?" ಎಂದು ಅವಳು ಕೇಳಿದಳು. ಉತ್ತರ ಹೊಳೆಯದಿದ್ದಾಗ ಎಲ್ಲರೂ ಮಾಡುವುದನ್ನೇ ಬಂಡೆಮ್ಮನೂ ಮಾಡಿದಳು, ಸಿಟ್ಟಿಗೆದ್ದು ಪಾತ್ರೆ ಕುಕ್ಕಿದಳು.

ಹೀಗೆ ಅತ್ತೆ ಸೊಸೆಯ ಜಗ್ಗಾಟದಲ್ಲಿ ತೊಟ್ಟಿಲ ಶಾಸ್ತ್ರ ಮುಂದೆ ಮುಂದೆ ಹೋಗಿ, ಕೂಸು ಬೋರಲು ಬೀಳುವ ಹೊತ್ತಾದರೂ ಅದಕ್ಕೆ ಹೆಸರಿರಲಿಲ್ಲ. ಕೂಸೇನೋ ಎಲ್ಲದಕ್ಕೂ ಬೊಚ್ಚು ಬಾಯಿ ಬಿಟ್ಟು ನಗುತ್ತಿತ್ತು. ಮಲ್ಲು ಅಡಕೊತ್ತಿನಲ್ಲಿ ಸಿಕ್ಕ ಅಡಿಕೆಯಂತಾಗಿ, ಕಂಪನಿಯ ಕ್ಯಾಬು ಓಡಿಸುವ ನೆಪದಲ್ಲಿ ಮನೆಯಿಂದ ಹೊರಗೇ ಇರುತ್ತಿದ್ದ. ಕೊನೆಗೆ ಬೂದೆಪ್ಪನೇ ಒಂದು ದಿನ ಗೊತ್ತು ಮಾಡಿದ. ಕಾರ್ತಿಕದ ಅಮಾವಾಸ್ಯೆ ಸೋಮವಾರ, ಅದು ಕಳೆದ ಗುರುವಾರ ತೊಟ್ಟಿಲು. ದಿಲ್‌ಸುಖ್‌ನಗರದ ಕೋಚಿಂಗ್ ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುವ ಗದಿಗೆಮ್ಮ ರಜೆ ಹಾಕಿ ಬರಬೇಕು. ಕೂಸಿನ ಕಿವಿಯಲ್ಲಿ ಹೆಸರು ಊದುವುದು ಸೋದರತ್ತೆಯ ಹಕ್ಕು, ಅವಳು ಯಾವುದನ್ನು ಊದುತ್ತಾಳೋ ಅದೇ ಹೆಸರು, ಆಮೇಲೆ ಯಾರೂ ತುಟಿ ಬಿಚ್ಚಕೂಡದು. ಅಂದ ಮೇಲೆ ಗದಿಗೆಮ್ಮನನ್ನು ಒಲಿಸಿಕೊಂಡವರೇ ಗೆದ್ದಂತೆ. ತಾನು ಹಡೆದ ಮಗಳಲ್ಲವೇ, ತನ್ನ ಮಾತು ಮೀರುವುದಿಲ್ಲ ಎಂದು ಬಂಡೆಮ್ಮ ಒಳಗೊಳಗೇ ಮೀಸೆ ತಿರುವಿದಳು.

ಅಮಾವಾಸ್ಯೆಯ ದಿನ ಬೂದೆಪ್ಪನ ಗುಂಪು ಉಳಿ ಮುಟ್ಟುವುದಿಲ್ಲ. ಶೆಡ್ಡುಗಳ ಹಿಂದೆ ಒಂದೇ ಒಂದು ದೊಡ್ಡ ಬಂಡೆ ಉಳಿದಿತ್ತು. ಒಂದು ಕಡೆ ಇಳಿಜಾರಾಗಿ, ಮೇಲೆ ಚಪ್ಪಟೆಯಾಗಿ, ಸಂಜೆ ಹೆಂಗಸರು ಹತ್ತಿ ಕೂತು ಎಲೆ ಅಡಿಕೆ ಹಾಕಿಕೊಳ್ಳುವುದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಆ ಜಾಗದಲ್ಲಿ ಕಂಪನಿಯವರಿಗೆ ಕಾರು ನಿಲ್ಲಿಸಬೇಕಿತ್ತಂತೆ, ಮರುದಿನ ಅದನ್ನೂ ಒಡೆಯುವುದೆಂದು ಗೊತ್ತಾಗಿತ್ತು. ಅವತ್ತು ಕತ್ತಲಾಗುವ ಹೊತ್ತಿಗೆ ಬಂಡೆಮ್ಮ ಅದರ ಮೇಲೆ ಕೂತಿದ್ದಾಗ ಒಂದು ಮಾರುತಿ ಕಾರು ಬಂದು ನಿಂತಿತು. ಕನ್ನಡಕದ ಒಬ್ಬ ತರುಣ ಇಳಿದು, ಉದ್ದನೆಯ ಬಿಳಿ ಕೊಳವೆಯೊಂದನ್ನು ಕೂಸಿನ ಹಾಗೆ ಎತ್ತಿಕೊಂಡು ಬಂಡೆಯ ಬುಡಕ್ಕೆ ಬಂದ.

ಅವನು ತೆಲುಗಿನಲ್ಲಿ ಏನೋ ಕೇಳಿದ. ಆ ತೆಲುಗು ಎಷ್ಟು ಕೆಟ್ಟದಾಗಿತ್ತೆಂದರೆ, ಅಷ್ಟೇ ಕೆಟ್ಟ ತೆಲುಗಿನ ಬಂಡೆಮ್ಮನಿಗೂ ಅದು ಕೆಟ್ಟದೆಂದು ಗೊತ್ತಾಯಿತು. ಅವಳು ಅವಳ ತೆಲುಗಿನಲ್ಲಿ ಉತ್ತರಿಸಿದಳು. ಅವನಿಗೆ ತಿಳಿಯಲಿಲ್ಲ. ಇಬ್ಬರೂ ಹಿಂದಿಗೆ ಹಾರಿದರು, ಅಲ್ಲೂ ಎಡವಿ ಬಿದ್ದರು. ಆಗ ಕೆಳಗೆ ಶೆಡ್ಡಿನಲ್ಲಿ ಕೂಸು ಅತ್ತಿತು. ಬಂಡೆಮ್ಮ ತಿರುಗಿ, "ಕೂಸು ಹಸದೈತಿ ನೋಡ ಸುವರ್ಣಾ" ಎಂದು ಕೂಗಿದಳು. ತರುಣ ಕೊಳವೆ ಹಿಡಿದುಕೊಂಡೇ ನಕ್ಕುಬಿಟ್ಟ. ತನ್ನ ಹೆಸರು ರವಿಕಿರಣ, ಹಾಸನದ ಕಡೆಯವನು, ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಕೆಲಸ ಎಂದು ಅಚ್ಚ ಕನ್ನಡದಲ್ಲಿ ಹೇಳಿಕೊಂಡ. ಈ ಬಂಡೆಯ ಮೇಲೆ ಸ್ವಲ್ಪ ಹೊತ್ತು ದುರ್ಬೀನು ನಿಲ್ಲಿಸಿ ಆಕಾಶ ನೋಡಬೇಕಿತ್ತು, ತನ್ನ ಅಪಾರ್ಟ್‌ಮೆಂಟಿನಲ್ಲಿ ಸುತ್ತ ದೀಪಗಳೇ ದೀಪಗಳು ಎಂದ.

ಏನು ನೋಡುತ್ತೀ ಎಂದು ಬಂಡೆಮ್ಮ ಕೇಳಿದಳು. ಒಂದು ಕಲ್ಲು ಎಂದ ಅವನು.

ಬಂಡೆಮ್ಮನಿಗೆ ಈ ಹುಡುಗ ತಮಾಷೆ ಮಾಡುತ್ತಿದ್ದಾನೆ ಅನಿಸಿತು. ಸುತ್ತ ಹತ್ತು ಹರದಾರಿ ಬರೀ ಕಲ್ಲು ಬಿದ್ದಿರುವ ಊರಿನಲ್ಲಿ, ಕಲ್ಲು ನೋಡಲು ಆಕಾಶಕ್ಕೆ ಕಣ್ಣು ಹಾಕುವವನು ಎಂಥವನಿರಬೇಕು! ಆದರೆ ಅವನು ನಿಜವನ್ನೇ ಹೇಳುತ್ತಿದ್ದ. ಮಂಗಳನ ಆಚೆಗೆ, ಗುರುವಿನ ಈಚೆಗೆ, ಸೂರ್ಯನ ಸುತ್ತ ಲಕ್ಷಗಟ್ಟಲೆ ಕಲ್ಲುಗಳು ತಿರುಗುತ್ತಿವೆಯಂತೆ. ಅದರಲ್ಲಿ ಇದೊಂದು ದೊಡ್ಡದು. ಸ್ವಂತ ಬೆಳಕಿಲ್ಲ, ನಮ್ಮ ಸೂರ್ಯನ ಬಿಸಿಲೇ ಅದರ ಮೇಲೆ ಬಿದ್ದು ಹೊಳೆಯುವುದು. ಈ ತಿಂಗಳು ಅದು ಭೂಮಿಗೆ ಹತ್ತಿರ ಬಂದಿದೆ, ಇಷ್ಟು ಚೆನ್ನಾಗಿ ಕಾಣುವುದು ಅಪರೂಪ. ಬೂದೆಪ್ಪನೂ ಅಷ್ಟರಲ್ಲಿ ಬೀಡಿ ಆರಿಸಿ ಮೇಲೆ ಹತ್ತಿ ಬಂದಿದ್ದ. ಕಸುಬುದಾರನಲ್ಲವೇ, ಎಷ್ಟು ದೊಡ್ಡ ಕಲ್ಲು ಎನ್ನುವುದೇ ಅವನ ಮೊದಲ ಪ್ರಶ್ನೆ. ಈ ಕಡೆಯಿಂದ ಆ ಕಡೆಗೆ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರು, ಇಲ್ಲಿಂದ ಗುಲಬರ್ಗಾ ಇದೆಯಲ್ಲ, ಅಷ್ಟು ಎಂದ ರವಿಕಿರಣ.

ಬೂದೆಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ಬಂಡೆಮ್ಮ ಮಾತ್ರ ಕಣ್ಣು ಮುಚ್ಚಿಕೊಂಡು ಬಸ್ಸು ಹತ್ತಿದಳು. ಊರಿಗೆ ಹೋಗುವಾಗ ಅವರು ಮೆಹದಿಪಟ್ಟಣದಲ್ಲೇ ಗುಲಬರ್ಗಾ ಬಸ್ಸು ಹಿಡಿಯುತ್ತಿದ್ದದ್ದು. ಸಂಗಾರೆಡ್ಡಿಯಲ್ಲಿ ಸೀಟು ಸಿಗುತ್ತದೆ. ಜಹೀರಾಬಾದಿನಲ್ಲಿ ತೂಕಡಿಕೆ. ಹುಮನಾಬಾದಿನಲ್ಲಿ ಚಹಾ. ಕಮಲಾಪುರದಲ್ಲಿ ಕಿಟಕಿಯ ಹತ್ತಿರ ಕೆಂಬಾಳೆಹಣ್ಣಿನ ಬುಟ್ಟಿ. ಗುಲಬರ್ಗಾದಲ್ಲಿ ಇಳಿಯುವಾಗ ಕಾಲು ಮರಗಟ್ಟಿರುತ್ತವೆ. ಅಷ್ಟೂ ದೂರ, ಅಷ್ಟೂ ಹೊತ್ತು, ಹೊಲವಿಲ್ಲ, ಊರಿಲ್ಲ, ಬರೀ ಒಂದೇ ಕಲ್ಲು.

"ಅದನ್ನ ಒಡಿಯವರು ಯಾರರ ಅದಾರೇನ ತಮ್ಮಾ?" ಎಂದು ಕೇಳಿದಳು.

"ಯಾರೂ ಇಲ್ಲಮ್ಮ. ಯಾರ ಕೈಲೂ ಆಗಲ್ಲ."

"ಹೆಸರರ ಐತೋ ಇಲ್ಲೊ?"

ಐರಿಸ್ ಎಂದ ರವಿಕಿರಣ. ಯಾರದು ಆ ಹೆಸರು ಎಂದರೆ, ಗ್ರೀಸ್ ಎಂಬ ದೇಶದ ಹಳೆಯ ಕಾಲದ ದೇವಿಯೊಬ್ಬಳದು, ಕಾಮನಬಿಲ್ಲಿನ ದೇವಿ ಎಂದ. ಅಷ್ಟು ಹೇಳಿ, ಕೊಳವೆಯನ್ನು ಬಂಡೆಯ ಮೇಲೆ ನಿಲ್ಲಿಸಿ, ಕೂರಲು ಸ್ಟೂಲು ತರುತ್ತೇನೆಂದು ಕಾರಿನ ಕಡೆ ಇಳಿದುಹೋದ.

ಕಲ್ಲು ಅಂದ ಮೇಲೆ, ಅದಕ್ಕೆ ದೇವಿಯ ಹೆಸರು ಅಂದ ಮೇಲೆ, ಬಂಡೆಮ್ಮನಿಗೆ ಇನ್ನು ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಮರುದಿನದ ಪೂಜೆಗೆಂದು ತಂದಿಟ್ಟಿದ್ದ ಕಾಯಿ, ಅರಿಶಿನ, ಕುಂಕುಮ ಶೆಡ್ಡಿನಲ್ಲಿದ್ದವು. ಸರಸರ ಇಳಿದು ತಂದಳು. ಆಕಾಶಕ್ಕೆ ಕೈ ನಿಲುಕುವುದಿಲ್ಲ, ದೇವಿ ಬಂದು ಕಾಣಿಸಿಕೊಳ್ಳುವುದು ಈ ಕೊಳವೆಯ ಗಾಜಿನಲ್ಲಿ ತಾನೇ? ಕಾಯಿ ಒಡೆದು ನೀರು ಚಿಮುಕಿಸಿ, ಗಾಜಿನ ಸುತ್ತ ಅರಿಶಿನ ಸವರಿ, ನಟ್ಟನಡುವೆ ರೂಪಾಯಿಯಗಲದ ಕುಂಕುಮ ಇಟ್ಟು ಕೈ ಮುಗಿದಳು. ಬೂದೆಪ್ಪನೂ ಚಪ್ಪಲಿ ಬಿಟ್ಟು ಕೈ ಮುಗಿದ.

ಸ್ಟೂಲು ಹಿಡಿದು ಮೇಲೆ ಬಂದ ರವಿಕಿರಣ ಟಾರ್ಚಿನ ಬೆಳಕಿನಲ್ಲಿ ಇದನ್ನು ನೋಡಿದ. ಅವನ ಮುಖದ ಬಣ್ಣವೇ ಹಾರಿಹೋಯಿತು. ಏನು ಮಾಡಿದ್ರಿ, ಅದು ಲೆನ್ಸು, ಬೆರಳು ಕೂಡ ತಾಗಿಸಬಾರದು, ಈ ತಿಂಗಳು ಬಿಟ್ಟರೆ ಮತ್ತೆ ಇಷ್ಟು ಚೆನ್ನಾಗಿ ನೋಡಲು ವರ್ಷಾನುಗಟ್ಟಲೆ ಕಾಯಬೇಕು ಎಂದು ಕೂಗಾಡಿದ. ಬಂಡೆಮ್ಮ ಸೆರಗಿನಿಂದ ಒರೆಸಲು ಹೋದಳು. ಅವನು ಇನ್ನೂ ಜೋರಾಗಿ ಬೇಡ ಬೇಡ ಎಂದ. ಒರೆಸಿದರೆ ಗೀರು ಬೀಳುತ್ತದಂತೆ. ಮೂವರೂ ಆ ಕುಂಕುಮವನ್ನೇ ನೋಡುತ್ತ ನಿಂತರು. ಕೊನೆಗೆ ರವಿಕಿರಣ, ಹೋಗಲಿ, ಇಷ್ಟು ದೂರ ಬಂದದ್ದಾಯಿತು ಎಂದು ಗೊಣಗಿಕೊಂಡು ಇನ್ನೊಂದು ತುದಿಗೆ ಕಣ್ಣಿಟ್ಟ. ತಿರುಗಿಸಿದ, ಸರಿಸಿದ. ಆಮೇಲೆ ನಗಲು ಶುರು ಮಾಡಿದ. ಎಲ್ಲವೂ ಕಾಣುತ್ತಿತ್ತು. ಇಂಥ ದುರ್ಬೀನಿನಲ್ಲಿ ಗಾಜಿನ ಒಂದಿಷ್ಟು ಮುಚ್ಚಿದರೂ ಉಳಿದ ಗಾಜು ಪೂರ್ತಿ ಚಿತ್ರ ತೋರಿಸುತ್ತದೆ, ಬೆಳಕು ಒಂಚೂರು ಕಡಿಮೆ, ಅಷ್ಟೇ. ಇದು ತನಗೆ ಓದಿ ಗೊತ್ತಿತ್ತು, ಗಾಬರಿಯಲ್ಲಿ ಮರೆತೇಹೋಯಿತು ಎಂದು ಬಂಡೆಮ್ಮನ ಹತ್ತಿರ ಕ್ಷಮೆ ಕೇಳಿದ. ಅವಳು ದೊಡ್ಡ ಮನಸ್ಸು ಮಾಡಿ ಅವನಿಗೊಂದು ಹೋಳು ಕೊಬ್ಬರಿ ಕೊಟ್ಟಳು.

ತನ್ನ ಸರದಿ ಬಂದಾಗ ಬಂಡೆಮ್ಮ ಉಸಿರು ಬಿಗಿಹಿಡಿದು ನೋಡಿದಳು. ಕಂಡದ್ದು ಚುಕ್ಕಿಗಳು. ಸಾಸಿವೆ ಚೆಲ್ಲಿದ ಹಾಗೆ ಬರೀ ಚುಕ್ಕಿಗಳು.

ಇದರಲ್ಲಿ ಕಲ್ಲು ಯಾವುದು ಎಂದು ಕೇಳಿದರೆ ಅವನಿಗೂ ಪೂರ್ತಿ ಖಾತ್ರಿಯಿಲ್ಲ. ನಡುವೆ ಕಾಣುವ ಈ ಎರಡರಲ್ಲಿ ಒಂದು ಎಂದ. ನಕ್ಷತ್ರಗಳು ಅಲ್ಲಾಡುವುದಿಲ್ಲ, ಕಲ್ಲು ತಿರುಗುತ್ತಿರುತ್ತದೆ, ಆದ್ದರಿಂದ ನಾಳೆ ಇದೇ ಹೊತ್ತಿಗೆ ಯಾವುದು ಜಾಗ ಬಿಟ್ಟಿರುತ್ತದೋ ಅದೇ ಐರಿಸ್ ಎಂದು ವಿವರಿಸಿದ. ಬಂಡೆಮ್ಮನಿಗೆ ಮೋಸ ಹೋದಂತಾಯಿತು. ಗುಲಬರ್ಗಾ ತನಕದ ಕಲ್ಲು ಎಂದು ಆಸೆ ಹುಟ್ಟಿಸಿ, ಸಾಸಿವೆ ತೋರಿಸಿ, ಅದೂ ಯಾವ ಸಾಸಿವೆ ಎಂದು ನಾಳೆ ಹೇಳುತ್ತೇನೆ ಅನ್ನುವುದು ಯಾವ ನ್ಯಾಯ? ಆದರೂ ಅವಳು ಬಿಡುವ ಪೈಕಿಯಲ್ಲ. ಎಲೆ ಅಡಿಕೆಯ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ದುರ್ಬೀನಿನಲ್ಲಿ ಒಂದು ಸಲ ನೋಡುವುದು, ಬಂಡೆಯ ಮೇಲೆ ಒಂದು ಸುಣ್ಣದ ಬೊಟ್ಟು ಇಡುವುದು, ಹೀಗೆ ಕಂಡ ಚುಕ್ಕಿಗಳನ್ನೆಲ್ಲ ಕಲ್ಲಿಗೆ ಇಳಿಸಿದಳು. ಅದು ಮುಗಿಯುವ ಹೊತ್ತಿಗೆ ಅವಳಿಗೆ ಇನ್ನೊಂದು ಪ್ರಶ್ನೆ ಹುಟ್ಟಿತು.

"ಅಲ್ಲಿ ಆ ದೇವಿನ್ನ ಹೆಸರು ಹಿಡದು ಕರಿಯವರು ಯಾರದಾರ?"

"ಅಲ್ಲಿ ಯಾರಿದಾರಮ್ಮ? ಇಲ್ಲಿ ನನ್ನಂಥ ನಾಲ್ಕು ಜನ ಹುಚ್ಚರು ಯಾವಾಗಲಾದ್ರೂ ನೆನೆಸ್ಕೋತೀವಿ. ಅಷ್ಟೇ."

ಇಳಿದು ಹೋಗುವಾಗ ಬಂಡೆಮ್ಮ ಎರಡು ಸಲ ತಿರುಗಿ ಆಕಾಶ ನೋಡಿದಳು.

ಊಟಕ್ಕೆ ಕೂತಾಗ ಸೊಸೆಯ ಮುಂದೆ ಇದನ್ನೆಲ್ಲ ಹೇಳಿದಳು. ಹೆಸರಿನ ಜಗಳ ಶುರುವಾದ ಮೇಲೆ ಅವರಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಸುವರ್ಣಾ ನಂಬಲಿಲ್ಲ, ಆದರೆ ಐರಿಸ್ ಎಂಬ ಹೆಸರು ಕೇಳಿ ಕೈತುತ್ತು ಕೈಯಲ್ಲೇ ನಿಂತಿತು. ನಾಲ್ಕನೇ ಮಹಡಿಯಲ್ಲಿ ಅವಳು ದಿನಾ ಒರೆಸುತ್ತಿದ್ದ ಗಾಜಿನ ಕೋಣೆಯ ಬಾಗಿಲ ಮೇಲೆ ಅದೇ ಹೆಸರು ಬರೆದಿತ್ತು. ಲಹರಿ ಮೇಡಂ ಮತ್ತು ದೊಡ್ಡ ದೊಡ್ಡ ಸಾಹೇಬರು ಮೀಟಿಂಗಿಗೆ ಕೂರುತ್ತಿದ್ದದ್ದು ಅಲ್ಲೇ.

ಮಂಗಳವಾರ ಬೂದೆಪ್ಪ ಉಳಿ ಸುತ್ತಿಗೆ ಹಿಡಿದು ಬಂಡೆಯ ಹತ್ತಿರ ಹೋದರೆ, ಬಂಡೆಮ್ಮ ಅದರ ಮೇಲೆ ಕಾಲು ನೀಡಿ ಕೂತಿದ್ದಳು. ಸುಣ್ಣದ ಬೊಟ್ಟುಗಳ ಕೆಲಸ ಮುಗಿಯುವ ತನಕ ಅಪ್ಪಣೆ ಸಿಗುವುದಿಲ್ಲ ಎಂದಳು. ಅವನು ಸೂಪರ್‌ವೈಸರನ ಹೆಸರು ಹೇಳಿ ಹೆದರಿಸಿದ, ಬೇಡಿಕೊಂಡ, ಕೊನೆಗೆ ಆಚೆ ಬಿದ್ದಿದ್ದ ಸಣ್ಣ ಕಲ್ಲುಗಳನ್ನು ಒಡೆಯುತ್ತ ದಿನ ಕಳೆದ. ಸಂಜೆ ಕತ್ತಲಾಗುತ್ತಲೇ ರವಿಕಿರಣ ಬಂದ. ದುರ್ಬೀನಿನ ಗಾಜಿನ ಮೇಲೆ ಕುಂಕುಮ ಹಾಗೇ ಇತ್ತು. ಕೂಸನ್ನು ಕಿವಿಗೆ ಗಾಳಿ ತಾಗದಂತೆ ಸುತ್ತಿಕೊಂಡು ಸುವರ್ಣಾಳೂ ಮೇಲೆ ಹತ್ತಿದಳು. ಮೊದಲು ಆ ಗಾಜಿನ ಕೋಣೆಯ ವಿಚಾರ ಕೇಳಿದಳು. ಅಕ್ಕಪಕ್ಕದ ಕೋಣೆಗಳ ಹೆಸರೇನು ಎಂದ ಅವನು. ಜೂನೋ, ಹೀಬಿ, ವೆಸ್ಟಾ ಎಂದಳು ಅವಳು. ಅವೆಲ್ಲ ಇದೇ ಜಾತಿಯ ಆಕಾಶದ ಕಲ್ಲುಗ‍ಳು, ಕಂಪನಿಯವರಿಗೆ ಇಂಥ ಹೆಸರು ಇಡುವ ಖಯಾಲಿ ಎಂದು ಅವನು ನಕ್ಕ.

"ಅಂದರ ಇಷ್ಟು ದಿನ ನಾ ನಾಕನೇ ಮಾಳಿಗ್ಯಾಗ ಕಲ್ಲು ಒರಸಾಕತ್ತಿದ್ದೆ" ಎಂದಳು ಸುವರ್ಣಾ. ಬಂಡೆಮ್ಮನಿಗೆ ನಗು ತಡೆಯಲಾಗಲಿಲ್ಲ. ಸೊಸೆಯೂ ನಕ್ಕಳು. ಕೂಸು ಇಬ್ಬರನ್ನೂ ನೋಡಿ ಕೇಕೆ ಹಾಕಿತು.

ಆಮೇಲೆ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಸುವರ್ಣಾ ದುರ್ಬೀನಿಗೆ ಕಣ್ಣಿಟ್ಟಳು. ನೋಡಿದಳು, ಟಾರ್ಚಿನ ಬೆಳಕಿನಲ್ಲಿ ಸುಣ್ಣದ ಬೊಟ್ಟು ನೋಡಿದಳು, ಮತ್ತೆ ಕಣ್ಣಿಟ್ಟಳು. ಅವಳು ಬಾಯಿ ಬಿಡುವ ತನಕ ಬಂಡೆಮ್ಮನಿಗೆ ಯುಗ ಕಳೆದಂತಾಯಿತು. ಒಂದು ಬೊಟ್ಟಿನ ಜಾಗದಲ್ಲಿ ಮೇಲೆ ಏನೂ ಇಲ್ಲ, ಅದರ ಬಗಲಲ್ಲಿ, ನಿನ್ನೆ ಬೊಟ್ಟು ಇಲ್ಲದ ಕಡೆ ಒಂದು ಚುಕ್ಕಿ ಬಂದಿದೆ ಎಂದಳು ಸುವರ್ಣಾ. ರವಿಕಿರಣ ನೋಡಿ ಹೌದೆಂದ. ಬಂಡೆಮ್ಮ ನೋಡಿದಳು. ಸರಿದಿತ್ತು. ಅಷ್ಟು ದೊಡ್ಡ ಕಲ್ಲು, ಯಾರೂ ತಳ್ಳದೆ, ಯಾರೂ ಕರೆಯದೆ, ತನ್ನ ಪಾಡಿಗೆ ತಾನು ಒಂದು ದಿನದ ದಾರಿ ನಡೆದಿತ್ತು. ಅವಳು ಕೂಸನ್ನು ಎತ್ತಿ ಕುಣಿಸಿದಳು. ಸೊಸೆ ಅವಳ ತೋಳು ಹಿಡಿದುಕೊಂಡಳು, ಬಂಡೆಯಿಂದ ಜಾರಿ ಬೀಳಬಾರದಲ್ಲ. ಹಿಡಿದ ತೋಳನ್ನು ಆಮೇಲೂ ಬಿಡಲಿಲ್ಲ.

ಬುಧವಾರ ಬೆಳಿಗ್ಗೆ ಬಂಡೆಮ್ಮ ಅಪ್ಪಣೆ ಕೊಟ್ಟಳು. ಅರಿಶಿನ ಕುಂಕುಮ ಹಚ್ಚಿ, ಗಲ್ಲ ಬಡಿದುಕೊಂಡು, ಹೋಗಿ ಬಾರವ್ವ ಎಂದಳು. ಬೂದೆಪ್ಪ ಸಾಲಾಗಿ ಬೆಣೆ ಇಳಿಸಿದ. ಮಧ್ಯಾಹ್ನದ ಹೊತ್ತಿಗೆ ಬಂಡೆ ಎರಡಾಗಿ ಸುಣ್ಣದ ಬೊಟ್ಟುಗಳು ಅರ್ಧ ಈ ಕಡೆ, ಅರ್ಧ ಆ ಕಡೆ ಹೋದವು. ಪ್ರತಿ ಸಲ ಬಂಡೆ ಸೀಳಿದಾಗ ಅವಳಿಗೆ ಒಳಗೆಲ್ಲೋ ಚುಳ್ಳೆನ್ನುತ್ತಿತ್ತು. ಇವತ್ತು ಅಷ್ಟಾಗಿ ಅನ್ನಲಿಲ್ಲ. ಬೂದೆಪ್ಪನ ಬೆಣೆಗೆ ನಿಲುಕದ್ದು ಒಂದು ಮೇಲಿದೆ ಎನ್ನುವುದು ಅವಳಿಗೆ ಈಗ ಗೊತ್ತಿತ್ತು.

ಆ ಹೊತ್ತಿಗೇ ಗದಿಗೆಮ್ಮ ದಿಲ್‌ಸುಖ್‌ನಗರದಿಂದ ಬಂದಳು. ದೂರದ ರಸ್ತೆಯಲ್ಲಿ ಆಟೋ ಇಳಿದು, ಗೊತ್ತಾಗದೆ ಬೇರೆ ಶೆಡ್ಡುಗಳ ಕಡೆ ಹೊರಟಿದ್ದಳು. ಬಂಡೆಮ್ಮ "ಏ ತಂಗೀ" ಎಂದು ಕೂಗಿದಳು. ಕಲ್ಲು ಹೊರುತ್ತಿದ್ದ ಮೂವರು ಹೆಂಗಸರು ತಿರುಗಿ ನೋಡಿದರು, ಗದಿಗೆಮ್ಮ ತಿರುಗಲಿಲ್ಲ. "ಏ ಯವ್ವಾ" ಎಂದಳು, ಇನ್ನಿಬ್ಬರು ತಿರುಗಿದರು. ಗದಿಗೆಮ್ಮ ಎಂದು ಕೂಗಿದ್ದರೆ ಒಂದೇ ಕೂಗಿಗೆ ಆಗುತ್ತಿತ್ತು. ಆದರೆ ಅದು ಅತ್ತೆಯ ಹೆಸರು. ಅತ್ತೆ ಸತ್ತು ಎಷ್ಟು ಕಾಲವಾದರೂ ಬಂಡೆಮ್ಮನ ನಾಲಿಗೆಗೆ ಅದು ಹತ್ತಿರಲಿಲ್ಲ. ಹಡೆದ ಮಗಳನ್ನು ಅವಳು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಜ್ವರ ಬಂದಾಗ ಕರೆದಿರಲಿಲ್ಲ, ಮದುವೆಯಾಗಿ ಬಂಡಿ ಹತ್ತುವಾಗ ಕರೆದಿರಲಿಲ್ಲ. ತಾಯಿ ಬಾಯಲ್ಲಿ ಹೆಸರು ಕೇಳುವ ಸುಖ ಎಂಥದ್ದೆಂದು ತನಗೆ ಗೊತ್ತಿದ್ದೂ ಮಗಳಿಗೆ ಅದನ್ನು ಕೊಟ್ಟಿರಲಿಲ್ಲ. ಈಗ ಸುವರ್ಣಾಳಿಗೂ, ಆ ಕೂಸಿಗೂ ಅದೇ ಗತಿ ತರಲು ತಾನು ಹಟ ಹಿಡಿದಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಗದಿಗೆಮ್ಮ ಬಂದು ಕೈಕಾಲು ತೊಳೆಯುವ ಮೊದಲೇ ಬಂಡೆಮ್ಮ ಅವಳನ್ನು ನೀರಿನ ಡ್ರಮ್ಮಿನ ಮರೆಗೆ ಎಳೆದುಕೊಂಡು ಹೋದಳು. ಕೂಸಿನ ಕಿವಿಯಲ್ಲಿ ಲಹರಿ ಎಂದು ಊದು, ನಾನು ಹೇಳಿದೆ ಅಂತ ಯಾರಿಗೂ ಹೇಳಬೇಡ ಎಂದಳು. ಗದಿಗೆಮ್ಮ ತಾಯಿಯ ಹಣೆ ಮುಟ್ಟಿ ನೋಡಿದಳು.

"ಹುಷಾರದಿ ಏನ ಯವ್ವಾ?"

"ಹೆಸರು ಕರಿಯವರು ಇಲ್ಲಂದರ ಏನಾತು. ಅಕಿ ಇರ್ತಾಳ" ಎಂದಳು ಬಂಡೆಮ್ಮ ಆಕಾಶದ ಕಡೆ ನೋಡಿ. ಅಕಿ ಎಂದರೆ ಯಾರು ಎಂದು ಗದಿಗೆಮ್ಮನಿಗೆ ತಿಳಿಯಲಿಲ್ಲ. ಹೂಂ ಎಂದಳು. ಬಂಡೆಮ್ಮ ಡ್ರಮ್ಮಿನಿಂದ ನೀರು ಮೊಗೆದು ಮಗಳ ಕೈಕಾಲಿಗೆ ಹಾಕಿದಳು.

ಗುರುವಾರ ಶೆಡ್ಡಿನ ಕಬ್ಬಿಣದ ತೊಲೆಗೆ ತೊಟ್ಟಿಲು ಕಟ್ಟಿದರು. ಸಾಲಿನ ಹೆಂಗಸರೆಲ್ಲ ಬಂದು ತುಂಬಿದರು. ಗುಗ್ಗರಿ ಬೇಯುವ ವಾಸನೆ ರಸ್ತೆಯ ತನಕ ಹೋಗಿತ್ತು. ಮಲ್ಲು ಅಪರೂಪಕ್ಕೆ ರಜೆ ಹಾಕಿ ಎಲ್ಲರಿಗೂ ಚಾಪೆ ಹಾಸುತ್ತಿದ್ದ. ರವಿಕಿರಣ ಒಂದು ಪುಟ್ಟ ಫ್ರಾಕು ಹಿಡಿದುಕೊಂಡು ಬಂದು, ಬೂದೆಪ್ಪನ ಪಕ್ಕ ಬಾಗಿಲಲ್ಲಿ ಕೂತ. ಪದ್ಧತಿಯಂತೆ ಮೊದಲು ತೊಟ್ಟಿಲಲ್ಲಿ ಮಲಗಿದ್ದು ಕೂಸಲ್ಲ, ಖಾರ ಅರೆಯುವ ಗುಂಡುಕಲ್ಲು. ಅದಕ್ಕೆ ಎರೆದು, ಕುಲಾವಿ ತೊಡಿಸಿ, ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು ತೂಗಿದರು. ರವಿಕಿರಣನಿಗೆ ಇದು ಭಾರೀ ಇಷ್ಟವಾಯಿತು, ಕತ್ತು ಉದ್ದ ಮಾಡಿ ನೋಡುತ್ತಿದ್ದ. ಆಮೇಲೆ ಕಲ್ಲು ಎತ್ತಿ ಕೂಸನ್ನು ಮಲಗಿಸಿದರು.

ಗದಿಗೆಮ್ಮ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಗೆ ಬಾಯಿಟ್ಟು 'ಕುರ್ರ್' ಎಂದಳು. ಅಂದದ್ದೇ ತಡ, ಹೆಂಗಸರೆಲ್ಲ ಅವಳ ಬೆನ್ನ ಮೇಲೆ ಧಬಧಬನೆ ಗುದ್ದತೊಡಗಿದರು. ಹೆಸರು ಹೇಳುವ ತನಕ ಸೋದರತ್ತೆಗೆ ಈ ಗುದ್ದು ತಪ್ಪಿದ್ದಲ್ಲ. ಆದರೆ ಗದಿಗೆಮ್ಮ ಹೆಸರು ಹೇಳಲೇ ಇಲ್ಲ. ಇನ್ನೊಮ್ಮೆ ಕುರ್ರ್ ಎಂದಳು, ಇನ್ನಷ್ಟು ಗುದ್ದು ಬಿದ್ದವು. ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತಳು.

"ಯವ್ವ ನಿನ್ನೆ ಬಂದು ಲಹರಿ ಅಂತ ಊದು ಅಂದಳು. ಅಕಿ ಹೋದ ಮ್ಯಾಲೆ ಸುವರ್ಣಾ ಬಂದು, ಕಲ್ಲಿನ ಹೆಸರು ಸಣ್ಣದಲ್ಲ, ಯವ್ವನ ಹೆಸರೇ ಊದು ಅಂತ ಕೈ ಮುಗದಳು. ಇಬ್ಬರೂ ಯಾರಿಗೂ ಹೇಳಬ್ಯಾಡ ಅಂದರು. ನನ್ನ ಬೆನ್ನು ಮುರದು ಹೋಗಾಕತ್ತೈತಿ, ಈಗ ನೀವ ಹೇಳರಿ" ಎಂದಳು.

ಶೆಡ್ಡಿನ ತಗಡು ಹಾರುವ ಹಾಗೆ ಎಲ್ಲರೂ ನಕ್ಕರು. ಬಂಡೆಮ್ಮ ಮಾತ್ರ ನಗಲಿಲ್ಲ, ಸೊಸೆಯನ್ನು ನೋಡಿದಳು. ಸೊಸೆಯೂ ಅವಳನ್ನೇ ನೋಡುತ್ತಿದ್ದಳು. ಬ್ಯಾಡ ತಂಗಿ, ಆ ಹೆಸರು ಇಟ್ಟರೆ ನೀನು ನಿನ್ನ ಕೂಸನ್ನು ಕರೆಯುವ ಹಾಗಿಲ್ಲ, ಆ ಸಂಕಟ ನನಗೆ ಗೊತ್ತು ಎಂದಳು ಬಂಡೆಮ್ಮ. ಸುವರ್ಣಾ ಸೆರಗು ಸರಿ ಮಾಡಿಕೊಂಡು ತೊಟ್ಟಿಲ ಹತ್ತಿರ ಬಂದಳು. ಹೆಂಗಸರು ದಾರಿ ಬಿಟ್ಟರು. ವಯಸ್ಸಾದ ಒಬ್ಬಾಕೆಗೆ ಏನಾಗುತ್ತಿದೆ ಎಂದು ಅಂದಾಜಾಗಿ, ಅಯ್ಯ ಸೊಸಿ ಹೇಳಬಾರದು ಎಂದು ತಡೆಯಲು ಹೋದಳು. ಬಾಗಿಲಲ್ಲಿ ಕೂತಿದ್ದ ಬೂದೆಪ್ಪ ಸುಮ್ಮನಿರುವಂತೆ ಅವಳಿಗೆ ಕೈ ಸನ್ನೆ ಮಾಡಿದ.

ಸುವರ್ಣಾ ತೊಟ್ಟಿಲಿಗೆ ಬಾಗಿದಳು. ಅವಳ ಮುಖ ಕೆಂಪಗಾಗಿತ್ತು. ಮೊದಲ ಸಲ ತುಟಿ ಅಲುಗಿತು, ದನಿ ಬರಲಿಲ್ಲ. ಎರಡನೆಯ ಸಲ ಬಂತು, ಶೆಡ್ಡಿನ ಆಚೆಗೂ ಕೇಳುವಷ್ಟು ಗಟ್ಟಿಯಾಗಿ ಬಂತು.

"ಬಂಡೆಮ್ಮಾ."

ಕೂಸು ಕಣ್ಣರಳಿಸಿ ತಾಯಿಯ ಮುಖ ನೋಡಿತು. ಗುಂಪಿನ ಹಿಂದೆ, ಗುಗ್ಗರಿಯ ಬುಟ್ಟಿ ಹಿಡಿದು ನಿಂತಿದ್ದ ಅದರ ಅಜ್ಜಿ ತನಗೇ ಗೊತ್ತಿಲ್ಲದೆ, ತಾಯಿ ಕರೆದಾಗ ಹೊಲದ ಆ ಅಂಚಿನಿಂದ ಉತ್ತರ ಕೊಡುತ್ತಿದ್ದ ಹುಡುಗಿಯ ದನಿಯಲ್ಲಿ, "ಓ" ಅಂದಳು.